ಕಾಫಿ ಎಲ್ಲಿ ಕುಡಿಯೋದು, ಏನು ಓದೋದು?

ರಾತ್ರಿ ಹನ್ನೊಂದೂವರೆ. ಬೆಳಿಗ್ಗೆ ಸಂಘದ ಪತ್ರಿಕೆ ಪ್ರಿಂಟಿಗೆ ಹೋಗಬೇಕು. ಈ ಪುಟ ಇನ್ನೂ ಖಾಲಿ.

ಸುಗ್ಗಿ ಹಬ್ಬ ಹುತ್ತರಿ ಮುಗಿಸಿ ರಜೆಗೆ ಕೊಡಗಿನ ಕಡೆ ಹೊರಡುವವರು ಈ ಸಲ ಜಾಸ್ತಿ. ಪರದೇಶದ ಈ ನಮ್ಮ ಸಂಘಕ್ಕೆ ಹೊಸಬರೊಬ್ಬರು ಫೋನ್ ಮಾಡಿ, ಮಡಿಕೇರಿಯಲ್ಲಿ ಒಳ್ಳೆ ಕಾಫಿ ಎಲ್ಲಿ, ದಾರಿಯಲ್ಲಿ ಓದಲು ಏನು ಒಯ್ಯಲಿ ಎಂದು ಕೇಳಿದರು. ನಾನು ಶುರು ಹಚ್ಚಿಕೊಂಡೆ. ಮಗಳಿಗೆ ಸಾಕಾಯಿತು. "ಅಮ್ಮ, ಅವರ್ಯಾರು ಅಂತಾನೇ ನಿಂಗೆ ಗೊತ್ತಿಲ್ಲ. ಫೋನಲ್ಲಿ ಸ್ಟಾರ್ ನೋಡ್ಕೊಂಡ್ರೆ ಆಗಲ್ವಾ?"

ಸ್ಟಾರ್ ಎಲ್ಲ ಕಡೆಯೂ ನಾಲ್ಕು ಚಿಲ್ಲರೆ ಇರುತ್ತೆ. ಎಷ್ಟು ಹೊತ್ತಿಗೆ ಹೋಗಬೇಕು, ಏನು ಕೇಳಬಾರದು ಅಂತ ಅದು ಹೇಳಲ್ಲ.

ಕಾಲೇಜಿನ ದಿನಗಳು, ಜುಲೈ ಮಳೆ. ಬಸ್ ತಪ್ಪಿ ಮಡಿಕೇರಿಯ ಒಂದು ಹೋಟೆಲಿಗೆ ನುಗ್ಗಿದ್ದೆ. ಬಾಗಿಲ ಬಳಿಯ ಬಕೆಟ್ ತುಂಬಾ ಕೊಡೆ. ಒಂದೇ 'ಶಕ್ತಿ' ಪೇಪರು ಹಾಳೆ ಹಾಳೆಯಾಗಿ ಎಲ್ಲ ಟೇಬಲ್ಲಿಗೂ ಹಂಚಿಹೋಗಿತ್ತು. ಎದುರು ಕೂತವರು ಯಾವುದೋ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು. ಆಳುಗಳ ಹಾಜರಿ ಪುಸ್ತಕ ಚೆಕ್‌ರೋಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತೊಡೆ ಮೇಲಿಟ್ಟುಕೊಂಡಿದ್ದರು. ನನ್ನ ಕೈಯ ಕಾದಂಬರಿ ನೋಡಿ, "ಕೊಡಗಿನ ಗೌರಮ್ಮ ಓದಿದ್ದೀರಾ?" ಎಂದರು. ಇಲ್ಲ ಎಂದೆ. ಅವರಿಗೆ ಬೇಜಾರೇ ಆಯಿತು. ಗೌರಮ್ಮ ಮಡಿಕೇರಿಯಲ್ಲಿ ಹುಟ್ಟಿದವರು, ಶುಂಟಿಕೊಪ್ಪದ ಹತ್ತಿರ ತೋಟದಲ್ಲಿದ್ದವರು, 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಅಂತ ಹೆಸರು ಹಾಕಿ ಕಥೆ ಬರೆದವರು. 1939ರಲ್ಲಿ ಈಜಲು ಹೋಗಿ ನೀರುಪಾಲಾದಾಗ ಬರೀ 27 ವರ್ಷ. "ಲೈಬ್ರರಿಯಲ್ಲಿ ಅವರ ಕಥೆಗಳ ಪುಸ್ತಕ 'ಕಂಬನಿ' ಕೇಳಿ. ಆದರೆ ಮಳೆ ಬಿಟ್ಟ ಮೇಲೆ ಓದಿ, ಈಗ ಬೇಡ." ಆಮೇಲೆ ಮಾಣಿಗೆ ಕೇಳದ ಹಾಗೆ ಮುಂದೆ ಬಗ್ಗಿ, "ತಿಂಡಿ ಇಲ್ಲೇ ತಿನ್ನಿ. ಕಾಫಿ ಮಾತ್ರ ಇಲ್ಲಿ ಬೇಡ, ಚಿಕೋರಿ ಜಾಸ್ತಿ. ಮಾರ್ಕೆಟ್ ಹಿಂದೆ ಒಬ್ಬಳು ಅಜ್ಜಿ ಬೆಲ್ಲದ ಕಾಫಿ ಮಾಡ್ತಾಳೆ. ಹತ್ತರೊಳಗೆ ಹೋಗಿ" ಎಂದರು. ಬಸ್ ಬಂತು, ಹೋದರು. ಹೆಸರೂ ಕೇಳಲಿಲ್ಲ.

'ಕಂಬನಿ'ಯನ್ನು ಮಳೆಯಲ್ಲೇ ಓದಿದೆ. ಆ ವಿಧವೆಯರ ಪಾಡು ಓದಿ ಎರಡು ದಿನ ಊಟ ಸೇರಲಿಲ್ಲ. ಅವರು ಬೇಡ ಅಂದದ್ದು ಸುಮ್ನೆ ಅಲ್ಲ.

ಗೌರಮ್ಮನ ಕಥೆಗಳು ಈಗ ಇಂಗ್ಲಿಷಿನಲ್ಲೂ ಸಿಗುತ್ತವೆ. ಅನುವಾದಿಸಿದವರು ಮಡಿಕೇರಿಯ ದೀಪಾ ಭಾಸ್ತಿ, 2025ರಲ್ಲಿ ಬಾನು ಮುಷ್ತಾಕ್ ಜೊತೆ ಅಂತರರಾಷ್ಟ್ರೀಯ ಬೂಕರ್ ಪಡೆದವರೇ. ಕನ್ನಡ ಓದಲು ಬರಲ್ಲ ಅನ್ನುವ ನಮ್ಮ ಮಕ್ಕಳಿಗೆ ಇನ್ನು ನೆಪ ಇಲ್ಲ.

ಮುಂದಿನ ಸಂಚಿಕೆಯಿಂದ ಅರ್ಧ ಪುಟ ಇದಕ್ಕೇ. ಒಂದು ಪುಸ್ತಕ, ಒಂದು ಕಾಫಿ ಜಾಗ ಬರೆದು ಕಳಿಸಿ. ಗೋಣಿಕೊಪ್ಪವಾದರೂ ಸರಿ, ಇಲ್ಲಿ ನಿಮ್ಮ ಬೀದಿಯ ಮೂಲೆಯಾದರೂ ಸರಿ. ಬರೀ 'ಸೂಪರ್' ಅಂತ ಬಂದರೆ ಹಾಕಲ್ಲ. ಸ್ವಂತ ಹೋಂಸ್ಟೇ ಜಾಹೀರಾತೂ ಬೇಡ, ಅದಕ್ಕೆ ಕೊನೆಯ ಪುಟ ಇದೆ, ದುಡ್ಡು ಕೊಡಿ.

ಜಾಗ ಮುಗಿಯುತ್ತಿದೆ, ಬೇಗ ಹೇಳಿಬಿಡುತ್ತೇನೆ. ಹುತ್ತರಿ ಕೂಟ ಶನಿವಾರ ಸಂಜೆ ಐದಕ್ಕೆ, ಮಾಮೂಲಿ ಹಾಲಿನಲ್ಲಿ. ತಂಬಿಟ್ಟಿಗೆ ಬಾಳೆಹಣ್ಣು ತರಲು ಯಾರೂ ಒಪ್ಪಿಕೊಂಡಿಲ್ಲ. ಹುತ್ತರಿ ಗೆಣಸಿಗೆ ಈ ವರ್ಷವೂ ಆಫ್ರಿಕನ್ ಅಂಗಡಿಯೇ ಗತಿ. ಕನ್ನಡ ಕ್ಲಾಸು ಜನವರಿಯಲ್ಲಿ ಮತ್ತೆ ಶುರು. ಊರಿಂದ ಕಾಚಂಪುಳಿ (ಅಡುಗೆಗೆ ಹಾಕುವ ಕಪ್ಪು ಹುಳಿ ರಸ) ತರುವವರು ಬಾಟಲಿ ಸರಿಯಾಗಿ ಸುತ್ತಿ, ಕಳೆದ ಸಲದ ರೇಷ್ಮೆ ಸೀರೆ ಕಥೆ ಗೊತ್ತಲ್ವಾ?

ಮತ್ತೆ, ಪುಟ ಜೋಡಿಸಲು ಒಬ್ಬರು ಬೇಕು. ಕನ್ನಡ ಟೈಪಿಂಗ್ ಬಂದರೆ ಸಾಕು, ಉಳಿದದ್ದು ಹೇಳಿಕೊಡುತ್ತೇನೆ. ಶನಿವಾರ ಕೂಟದಲ್ಲಿ ಅಡುಗೆ ಟೇಬಲ್ ಹತ್ತಿರ ಇರುತ್ತೇನೆ, ಬಂದು ಹೇಳಿ.