ಕ್ರೋಟನ್ ಕೊಂಬೆಗೆ ಕತ್ತರಿ ಹಾಕುವ ಮೊದಲು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ತೋಟದ ಪುಟದಲ್ಲಿ ಓದುಗರೊಬ್ಬರ ಪ್ರಶ್ನೆ ಇತ್ತು. ಅವರ ಕ್ರೋಟನ್ ಗಿಡದ ತುಂಬ ಹಸಿರೆಲೆ ಮೇಲೆ ಹಳದಿ ಚುಕ್ಕಿ. ಒಂದೇ ಒಂದು ಕೊಂಬೆಯಲ್ಲಿ ಮಾತ್ರ ಚುಕ್ಕಿ ಹೋಗಿ, ಎಲೆಯ ನಡುವೆ ಅಗಲವಾದ ಹಳದಿ ಪಟ್ಟಿ ಬಂದಿದೆಯಂತೆ. ‘ಇದು ರೋಗ, ಕತ್ತರಿಸಿ ಸುಟ್ಟುಬಿಡಿ’ ಎಂದು ಉತ್ತರ ಅಚ್ಚಾಗಿತ್ತು. ಓದಿ ತುಂಬ ಸಂಕಟವಾಯಿತು. ಕ್ರೋಟನ್ ಬೆಳೆಸುವವರು ಇಂಥ ಕೊಂಬೆಗಾಗಿ ಕಾಯುತ್ತಾರೆ. ನಾನೂ ಹಾಗೆ ಕಾಯುವವಳೇ.

ಅವರು ಕೊಟ್ಟ ವಿವರ ನೋಡಿದರೆ ಅದು ರೋಗ ಅನ್ನಿಸುವುದಿಲ್ಲ. ಕುಡಿಯ ಜೀವಕೋಶದಲ್ಲಿ ತಾನಾಗಿ ಒಂದು ಬದಲಾವಣೆ ಆಗುತ್ತದೆ. ಅಲ್ಲಿಂದ ಮುಂದೆ ಬೆಳೆಯುವ ಕೊಂಬೆಯ ಬಣ್ಣವೇ ಬೇರೆ, ಕೆಲವೊಮ್ಮೆ ಆಕಾರವೂ ಬೇರೆ. ತೋಟಗಾರರು ಇದನ್ನು ‘ಸ್ಪೋರ್ಟ್’ ಅನ್ನುತ್ತಾರೆ. ಕ್ರೋಟನ್‌ನಲ್ಲಿ ಇದು ಅಪರೂಪವೇನೂ ಅಲ್ಲ. ರಿಬ್ಬನ್ನಿನಂಥ ಉದ್ದೆಲೆ, ತಿರುಚಿಕೊಂಡ ಎಲೆ, ನಡುವೆ ಬರೀ ನರ ಉಳಿದು ತುದಿಯಲ್ಲಿ ಇನ್ನೊಂದು ಪುಟ್ಟ ಎಲೆ ತೂಗುವಂಥದ್ದು, ಎಲ್ಲವೂ ಒಂದೇ ಜಾತಿ: ಕೋಡಿಯಮ್ ವೇರಿಗೇಟಮ್. ಇಂಡೊನೇಷ್ಯಾ, ಮಲೇಷ್ಯಾದಿಂದ ಪೆಸಿಫಿಕ್ ದ್ವೀಪಗಳವರೆಗೆ ಇದರ ತವರು. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದನ್ನು ತಮ್ಮ ಸಸ್ಯಗಳ ಪಟ್ಟಿಗೆ ಸೇರಿಸಿದರು. ಈಗ ಇರುವ ನೂರಾರು ತಳಿಗಳಲ್ಲಿ ಎಷ್ಟೋ ಹೀಗೆ ಒಂದು ಕೊಂಬೆಯಿಂದಲೇ ಬಂದಿವೆ.

ರೋಗವೋ ಅಲ್ಲವೋ ಎಂದು ತಿಳಿಯಲು ಎಲೆಯನ್ನು ಮಗುಚಿ ನೋಡಿ. ಸಣ್ಣ ಬಲೆ, ಧೂಳಿನಂಥ ಚುಕ್ಕಿ ಇದ್ದರೆ ಜೇಡನುಸಿ. ಗೆಣ್ಣಲ್ಲಿ ಹತ್ತಿಯಂಥ ಬಿಳಿ ಮುದ್ದೆ ಇದ್ದರೆ ಹಿಟ್ಟುತಿಗಣೆ. ಅಂಚು ಒಣಗಿದ್ದರೆ, ಎಲೆ ಮುದುರಿದ್ದರೆ ಬೇರೆ ತೊಂದರೆ ಹುಡುಕಬೇಕು. ಎಲೆಗಳು ಗಟ್ಟಿಮುಟ್ಟಾಗಿದ್ದು, ಹೊಸ ಚಿಗುರಲ್ಲೂ ಅದೇ ಪಟ್ಟಿ ಬರುತ್ತಿದ್ದರೆ ಕತ್ತರಿ ಕೆಳಗಿಡಿ. ಇನ್ನೊಂದು ಮಾತು. ಎಷ್ಟೋ ತಳಿಗಳಲ್ಲಿ ಚಿಗುರು ಹಸಿರೋ ಹಳದಿಯೋ ಇದ್ದು, ಬಲಿತ ಮೇಲೆ ಕೆಂಪಾಗುತ್ತದೆ. ಬೆಳಕು ಕಡಿಮೆಯಾದರೆ ಇಡೀ ಗಿಡ ಹಸಿರಿಗೆ ತಿರುಗುತ್ತದೆ. ಇವು ಸ್ಪೋರ್ಟೂ ಅಲ್ಲ, ರೋಗವೂ ಅಲ್ಲ.

ಬೀಜದಿಂದ ಈ ಬಣ್ಣ ಉಳಿಸಲು ಆಗುವುದಿಲ್ಲ. ಸಸಿ ತಾಯಿಯಂತೆ ಬರುವ ಖಾತ್ರಿಯೇ ಇಲ್ಲ. ಗೂಟಿ ಕಟ್ಟುವುದು, ಅಂದರೆ ಕೊಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದು, ಒಳ್ಳೆಯದು. ಬದಲಾದ ಎಲೆಗಳ ಕೆಳಗೆ, ಅದೇ ಕೊಂಬೆಯಲ್ಲಿ, ಬೆರಳಗಲ ತೊಗಟೆಯನ್ನು ಸುತ್ತಲೂ ತೆಗೆಯಬೇಕು. ಒದ್ದೆ ಪಾಚಿ (ಸ್ಫ್ಯಾಗ್ನಮ್ ಮಾಸ್) ಸುತ್ತಿ, ಮೇಲೆ ಪ್ಲಾಸ್ಟಿಕ್ ಬಿಗಿದು ಎರಡೂ ಕಡೆ ಕಟ್ಟಬೇಕು. ಬೇರು ಹೊರಗಿನಿಂದಲೇ ಕಾಣುವಷ್ಟು ತುಂಬಿದ ಮೇಲೆ ಕೊಂಬೆ ಕತ್ತರಿಸಿ ಕುಂಡಕ್ಕೆ ಇಡಬಹುದು. ಕೈಗವಸು ಮರೆಯಬೇಡಿ. ಗಾಯದಿಂದ ಒಸರುವ ಹಾಲು ಚರ್ಮಕ್ಕೆ ತಗುಲಿದರೆ ಕೆಲವರಿಗೆ ಉರಿ, ತುರಿಕೆ ಬರುತ್ತದೆ. ಹೊಸ ಗಿಡ ಮೊದಲು ಒಂದಿಷ್ಟು ಎಲೆ ಉದುರಿಸಿದರೂ ಗಾಬರಿ ಬೇಡ. ಜಾಗ ಬದಲಾದರೆ ಕ್ರೋಟನ್ ಹಾಗೆ ಮಾಡುವುದುಂಟು. ಅದನ್ನು ಮತ್ತೆ ಮತ್ತೆ ಎತ್ತಿ ಬೇರೆಡೆ ಇಡದೆ, ಒಳ್ಳೆಯ ಬೆಳಕಲ್ಲಿ ಸುಮ್ನೆ ಬಿಡಿ.

ಕತ್ತರಿಸಲೇಬೇಕಾದ ಕೊಂಬೆಯೂ ಒಂದಿದೆ. ಬಣ್ಣದ ಗಿಡದಲ್ಲಿ ಪೂರ್ತಿ ಹಸಿರೆಲೆಯ ಕೊಂಬೆ ಹೊರಟರೆ ಬೇಗ ತೆಗೆದುಬಿಡಿ. ಅದರಲ್ಲಿ ಪತ್ರಹರಿತ್ತು ಜಾಸ್ತಿ, ಹಾಗಾಗಿ ಉಳಿದವುಗಳಿಗಿಂತ ಜೋರಾಗಿ ಬೆಳೆದು ಗಿಡವನ್ನೇ ಆವರಿಸಿಕೊಳ್ಳುತ್ತದೆ. ಹಸಿರೇ ಇಲ್ಲದ ಅಪ್ಪಟ ಹಳದಿ ಕೊಂಬೆಯ ಕಥೆ ಉಲ್ಟಾ. ತಾಯಿಗಿಡದಲ್ಲಿದ್ದಾಗ ಚೆಂದ, ಬೇರೆ ಮಾಡಿದರೆ ತನ್ನ ಆಹಾರ ತಾನು ಮಾಡಿಕೊಳ್ಳಲಾಗದೆ ಸೊರಗುತ್ತದೆ. ಪ್ರಶ್ನೆ ಕೇಳಿದವರ ಕೊಂಬೆಯಲ್ಲಿ ಹಸಿರೂ ಸಾಕಷ್ಟಿದೆ ಅಲ್ವಾ, ಅದು ಉಳಿಯುತ್ತದೆ ಎಂದೇ ನನ್ನ ನಂಬಿಕೆ.

ದಯವಿಟ್ಟು ಮುಂದಿನ ಸಂಚಿಕೆಯಲ್ಲೇ ತಿದ್ದುಪಡಿ ಹಾಕಿ. ಆ ಉತ್ತರ ಓದಿದ ಇನ್ನೂ ಎಷ್ಟು ಜನ ಕತ್ತರಿ ಹಿಡಿದು ನಿಂತಿದ್ದಾರೋ.

ಇಂತಿ,
ನಿಮ್ಮ ಹಳೆಯ ಓದುಗಿ