ಹೌಸ್‌ಬೋಟ್‌ಗಳ ಕೊಳೆನೀರು ಇಳಿಸಲು ಜೆಟ್ಟಿ ಬೇಕು

ಮಾನ್ಯ ಸಂಪಾದಕರೇ,

ಸ್ವರ್ಣಾ ನದಿಯು ಉಡುಪಿ ಬಳಿಯ ಕೆಮ್ಮಣ್ಣು ಊರಿನ ಕುದ್ರುಗಳನ್ನು (ನದಿಯ ನಡುಗಡ್ಡೆಗಳನ್ನು) ಸುತ್ತಿ ಕೋಡಿ ಬೆಂಗ್ರೆಯ ಅಳಿವೆಯತ್ತ ಸಾಗುವ ಹಿನ್ನೀರಿನಲ್ಲಿ ನಾನು ಎರಡು ಕೋಣೆಗಳ ಒಂದು ಹೌಸ್‌ಬೋಟ್ ನಡೆಸುತ್ತಿದ್ದೇನೆ. ಕರಾವಳಿಗೆ ಇನ್ನಷ್ಟು ಹೌಸ್‌ಬೋಟ್‌ಗಳು ಬರಲಿ ಎಂಬ ಮಾತು ಆಗಾಗ ಕೇಳಿಬರುತ್ತಿರುವುದರಿಂದ, ಅದಕ್ಕೂ ಮೊದಲು ಆಗಲೇಬೇಕಾದ ಒಂದು ಕೆಲಸದ ಕಡೆಗೆ ಸಂಬಂಧಪಟ್ಟವರ ಗಮನ ಸೆಳೆಯಬಯಸುತ್ತೇನೆ.

ಅತಿಥಿಗಳು ರಾತ್ರಿ ತಂಗುವ ದೋಣಿಯ ಶೌಚದ ನೀರು ತಳದ ಟ್ಯಾಂಕಿನಲ್ಲಿ ತುಂಬುತ್ತದೆ. ಅದನ್ನು ಖಾಲಿ ಮಾಡಲು ಸಕ್ಕಿಂಗ್ ಲಾರಿ ಕರೆಸಬೇಕು. ನಾವು ದೋಣಿ ಕಟ್ಟುವ ಜಾಗಕ್ಕಿರುವುದು ತೆಂಗಿನ ತೋಟಗಳ ನಡುವಿನ ಕಿರುದಾರಿಯಾದ್ದರಿಂದ ಲಾರಿ ದಡದವರೆಗೆ ಬರುವುದಿಲ್ಲ. ದೋಣಿಯನ್ನೇ ರಸ್ತೆ ಸಮೀಪವಿರುವ ಕಡೆಗೆ ಒಯ್ಯಬೇಕು. ಅಲ್ಲಿ ಹೂಳು ತುಂಬಿರುವುದರಿಂದ ಭರತದ ಹೊತ್ತಿಗೆ ಮಾತ್ರ ದೋಣಿ ಸಾಗುತ್ತದೆ, ಭರತ ನಡುರಾತ್ರಿ ಬಂದರೆ ಲಾರಿಯವರು ಒಪ್ಪುವುದಿಲ್ಲ. ಕಳೆದ ಹಂಗಾಮಿನಲ್ಲಿ ಇದೇ ಕಾರಣಕ್ಕೆ ಎರಡು ಬುಕಿಂಗ್‌ಗಳನ್ನು ಕೈಬಿಟ್ಟೆ. ಮಳೆಗಾಲವಿಡೀ ದೋಣಿ ಕಟ್ಟಿಹಾಕಿಯೂ ಸಾಲದ ಕಂತು, ಅಡುಗೆಯವನ ಮತ್ತು ಚಾಲಕನ ಸಂಬಳ ತಪ್ಪಿಸಲಾಗದ ಒಂಟಿ ದೋಣಿಯ ಮಾಲೀಕನಿಗೆ ಇದು ಸಣ್ಣ ನಷ್ಟವಲ್ಲ.

ಹಾಗೆಂದು ಕೊಳೆಯನ್ನು ನದಿಗೆ ಬಿಡಲು ಮನಸ್ಸು ಒಪ್ಪುವುದಿಲ್ಲ. ಅಳಿವೆಗೆ ಹತ್ತಿರದ ನೀರು ನೇರವಾಗಿ ಕಡಲು ಸೇರಿ ಮುಗಿಯುವುದಿಲ್ಲ. ಇಳಿತದಲ್ಲಿ ಹೋದದ್ದರಲ್ಲಿ ಒಂದಷ್ಟು ಭರತದಲ್ಲಿ ಕುದ್ರುಗಳ ಬಳಿಗೇ ಮರಳುತ್ತದೆ. ಸೊಂಟದವರೆಗಿನ ನೀರಿನಲ್ಲಿ ಮರುವಾಯಿ (ತಿನ್ನುವ ಕಪ್ಪೆಚಿಪ್ಪು) ಹೆಕ್ಕುವವರು ಗಂಟೆಗಟ್ಟಲೆ ನಿಲ್ಲುವುದು ಅದೇ ನೀರಿನಲ್ಲಿ. ಮರುವಾಯಿಯಂತೂ ನೀರನ್ನು ಸೋಸಿ ಬದುಕುವ ಜೀವಿ. ನೀರಿನ ರೋಗಾಣು ಅದರ ಮೂಲಕ ನಮ್ಮ ಊಟದ ತಟ್ಟೆಗೇ ಬರಬಲ್ಲದು. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2002ರಲ್ಲಿ ಸೇರಿದ ಕೇರಳದ ವೇಂಬನಾಡ್ ಸರೋವರದಲ್ಲಿ ಹೌಸ್‌ಬೋಟ್‌ಗಳು ನೂರಾರು ಸಂಖ್ಯೆಗೆ ಬೆಳೆದ ಮೇಲೆ ಮಾಲಿನ್ಯ ತಡೆಯಲು ಪಡುತ್ತಿರುವ ಪಾಡನ್ನು ನಾವು ನೋಡುತ್ತಿದ್ದೇವೆ. ನಮ್ಮಲ್ಲಿ ದೋಣಿಗಳು ಕಡಿಮೆಯಿರುವಾಗಲೇ ವ್ಯವಸ್ಥೆ ಮಾಡಿಕೊಳ್ಳುವುದು ಸುಲಭ, ಖರ್ಚೂ ಕಡಿಮೆ.

2021ರ ಒಳನಾಡು ಹಡಗುಗಳ ಕಾಯ್ದೆಯು ಕೊಳೆನೀರನ್ನು ನದಿಗೆ ಬಿಡದಂತೆ ತಡೆಯುವುದರ ಜೊತೆಗೆ, ಅದನ್ನು ಇಳಿಸಿಕೊಳ್ಳುವ ಸೌಲಭ್ಯ ಪ್ರಯಾಣಿಕರ ನಿಲ್ದಾಣಗಳಲ್ಲಿ ಇರಬೇಕೆಂದೂ ಹೇಳುತ್ತದೆ. ಆದರೆ ನಮಗೆ ಅಂತಹ ನಿಲ್ದಾಣವೇ ಇಲ್ಲ. ಲಾರಿ ಬರುವಷ್ಟು ಅಗಲದ ರಸ್ತೆ, ಇಳಿತದಲ್ಲೂ ದೋಣಿ ತಾಗದಷ್ಟು ಆಳ, ಒಂದು ಪಂಪು ಮತ್ತು ದಡದಲ್ಲಿ ಮುಚ್ಚಿದ ಟ್ಯಾಂಕು ಇರುವ ಒಂದು ಸಾರ್ವಜನಿಕ ಜೆಟ್ಟಿಯಾದರೆ ಈ ಭಾಗದ ಎಲ್ಲ ಮಾಲೀಕರಿಗೂ ಸಾಕು. ಇಂತಹ ಟ್ಯಾಂಕನ್ನು ಒಬ್ಬೊಬ್ಬರೇ ಕಟ್ಟಿಕೊಳ್ಳುವ ಶಕ್ತಿ ನಮಗಿಲ್ಲ, ಬಳಸಿದ ಪ್ರತಿ ಸಲವೂ ಶುಲ್ಕ ಕೊಡಲು ನಾನಂತೂ ಸಿದ್ಧ. ಹೊಸ ದೋಣಿಗಳಿಗೆ ಪರವಾನಗಿ ಕೊಡುವ ಮುನ್ನ ಜಿಲ್ಲಾಡಳಿತವು ಈ ಜೆಟ್ಟಿಗೆ ಜಾಗ ಗುರುತಿಸಬೇಕೆಂದು ವಿನಂತಿಸುತ್ತೇನೆ.

— ಒಬ್ಬ ಹೌಸ್‌ಬೋಟ್ ಮಾಲೀಕ, ಉಡುಪಿ ಜಿಲ್ಲೆ