ಬಸಿರಿಗೆ ಮೊದಲು, ಎರಡು ಹೆರಿಗೆಗಳ ನಡುವೆ: ಹಳ್ಳಿಯ ಹೆಣ್ಣುಮಕ್ಕಳ ಆರೋಗ್ಯಕ್ಕಾಗಿ ದೇಣಿಗೆ ಮನವಿ

ಮಾನ್ಯರೇ,

ಹೆರಿಗೆ ಕೋಣೆಗೆ ಮಂಚ ಬೇಕು, ಆಂಬುಲೆನ್ಸ್ ಬೇಕು ಎಂದರೆ ದಾನಿಗಳು ಮುಂದೆ ಬರುತ್ತಾರೆ. ಇನ್ನೂ ಬಸಿರಾಗದ ಹೆಣ್ಣುಮಗಳ ರಕ್ತ ಪರೀಕ್ಷೆಗೆ ಹಣ ಕೇಳಿದರೆ ‘ಅವಳಿಗೇನಾಗಿದೆ?’ ಎಂಬ ಪ್ರಶ್ನೆ ಎದುರಾಗುತ್ತದೆ. ನಮ್ಮ ಟ್ರಸ್ಟ್ ಈ ಸಲ ಕೇಳುತ್ತಿರುವುದು ಅದಕ್ಕೇ.

ಮಗುವಿನ ಮೆದುಳು, ಬೆನ್ನುಹುರಿಗಳಾಗಿ ಬೆಳೆಯುವ ನರನಾಳವು ಗರ್ಭ ನಿಂತ ಸುಮಾರು 28 ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿಗೆ ತಾಯಿಗೆ ಮುಟ್ಟು ತಪ್ಪಿ ಎರಡು ವಾರವಷ್ಟೇ ಆಗಿರುತ್ತದೆ. ಎಷ್ಟೋ ಮಂದಿಗೆ ಬಸಿರೆಂಬುದೇ ಖಚಿತವಾಗಿರುವುದಿಲ್ಲ. ಆಸ್ಪತ್ರೆ ದೂರವಿದ್ದರೆ ಮೊದಲ ತಪಾಸಣೆ ಇನ್ನಷ್ಟು ತಡ. ನರನಾಳ ಸರಿಯಾಗಿ ಮುಚ್ಚಿಕೊಳ್ಳಲು ನೆರವಾಗುವುದು ಫೋಲಿಕ್ ಆಮ್ಲವೆಂಬ ವಿಟಮಿನ್. ತಪಾಸಣೆಯಲ್ಲಿ ಕೈಗೆ ಬರುವ ಅದರ ಮಾತ್ರೆ ನರನಾಳದ ಮಟ್ಟಿಗೆ ಹೊತ್ತು ಮೀರಿ ಬಂದದ್ದು. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಗರ್ಭ ನಿಲ್ಲುವ ಮೊದಲೇ ಆರಂಭಿಸಿರಬೇಕು. ರಕ್ತಹೀನತೆಯ ಕಥೆಯೂ ಇದೇ. ಮೈಯಲ್ಲಿ ಬರಿದಾದ ಕಬ್ಬಿಣಾಂಶದ ಸಂಗ್ರಹ ತುಂಬಲು ತಿಂಗಳುಗಳು ಬೇಕು, ಬಸಿರು ಕಾಯುವುದಿಲ್ಲ.

ಹೆರಿಗೆಯಾದ ಮೇಲಂತೂ ಎಲ್ಲರ ಕಣ್ಣೂ ಮಗುವಿನ ಮೇಲೆ. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡವಳಿಗೆ ಹೆರಿಗೆಯ ನಂತರ ಆರರಿಂದ ಹನ್ನೆರಡು ವಾರಗಳ ನಡುವೆ ಮತ್ತೆ ಪರೀಕ್ಷೆಯಾಗಬೇಕು. ರಕ್ತದೊತ್ತಡ ಏರಿದ್ದವಳನ್ನು ಮುಂದೆಯೂ ಗಮನಿಸುತ್ತಿರಬೇಕು. ಒಂದು ಹೆರಿಗೆಯಿಂದ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳು, ಗರ್ಭಪಾತದ ನಂತರ ಕನಿಷ್ಠ 6 ತಿಂಗಳು ಬಿಡುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಿದೆ. ಆದರೆ ಹೆರಿಗೆಯ ನಂತರ ಮೊದಲ ಮುಟ್ಟು ಬರುವ ಮೊದಲೇ ಗರ್ಭ ನಿಲ್ಲಬಹುದು. ಹಾಗಾಗಿ ಗರ್ಭನಿರೋಧಕ ಅವಳು ಬಯಸಿದಾಗ ಸಿಗಬೇಕು, ಯಾವುದೆಂಬ ಆಯ್ಕೆ ಅವಳದೇ ಆಗಿರಬೇಕು.

ಹಳ್ಳಿಯವರಿಗೆ ತಿಳಿವಳಿಕೆ ಸಾಲದು ಎನ್ನುವುದು ಸುಲಭ. ನಮಗೆ ಆ ಮಾತು ಒಪ್ಪಿಗೆಯಿಲ್ಲ. ಕೂಲಿ ಬಿಟ್ಟು, ಮಗುವನ್ನು ಎತ್ತಿಕೊಂಡು, ಬಸ್ಸಿಗೆ ಕಾದು ಹೋದವಳಿಗೆ ‘ಪರೀಕ್ಷೆಗೆ ನಾಳೆ ಬನ್ನಿ’ ಎಂದರೆ ಅವಳು ಬರುವುದಾದರೂ ಹೇಗೆ? ಗರ್ಭಪಾತದ ವಿಷಯವನ್ನು ಹತ್ತು ಜನರ ಎದುರು ಹೇಳುವುದಾದರೂ ಹೇಗೆ?

ಅದಕ್ಕೆಂದೇ ಮೊದಲೇ ಗೊತ್ತುಮಾಡಿದ ದಿನ ಊರಿಗೇ ಹೋಗಿ, ಪರದೆಯ ಮರೆಯಲ್ಲಿ ಮಾತನಾಡಿಸಿ, ಹಿಮೋಗ್ಲೋಬಿನ್, ಸಕ್ಕರೆ, ರಕ್ತದೊತ್ತಡ ನೋಡಿ, ಫಲಿತಾಂಶವನ್ನು ಅಲ್ಲೇ ತಿಳಿಸುವ ಸಂಚಾರಿ ಘಟಕವನ್ನು ನಡೆಸಲು ಹೊರಟಿದ್ದೇವೆ. ವೈದ್ಯರನ್ನು ಕಾಣಲೇಬೇಕಾದವರಿಗೂ ಜೊತೆಗೆ ಹೋಗುವವರಿಗೂ ಪ್ರಯಾಣದ ಖರ್ಚು ಕೊಡುತ್ತೇವೆ. ಹಣದ ದೊಡ್ಡ ಪಾಲು ದಾದಿಯರ ಸಂಬಳಕ್ಕೆ ಹೋಗುತ್ತದೆ. ಇದನ್ನು ಹೇಳಲು ನಮಗೆ ಸಂಕೋಚವಿಲ್ಲ. ಯಂತ್ರ ತಾನಾಗಿ ಯಾರನ್ನೂ ಮಾತನಾಡಿಸುವುದಿಲ್ಲ.

ಯಂತ್ರವನ್ನು ಒಮ್ಮೆ ಕೊಂಡರೆ ಸಾಕು, ರಕ್ತ ಪರೀಕ್ಷೆಯ ಸ್ಟ್ರಿಪ್‌ಗಳು ಮತ್ತು ಮಾತ್ರೆಗಳು ತಿಂಗಳು ತಿಂಗಳೂ ಖಾಲಿಯಾಗುತ್ತವೆ. ಆದ್ದರಿಂದ ಒಮ್ಮೆಲೇ ಕೊಡುವ ದೊಡ್ಡ ಮೊತ್ತಕ್ಕಿಂತ ಪ್ರತಿ ತಿಂಗಳ ಸಣ್ಣ ದೇಣಿಗೆ ನಮಗೆ ಹೆಚ್ಚು ಉಪಯೋಗ. ಔಷಧಿಗಳನ್ನು ವಸ್ತುರೂಪದಲ್ಲಿ ಕಳುಹಿಸಬೇಡಿ. ಅವಧಿ ಮುಗಿಯುವ ಅಪಾಯವಿದೆ. ದಾನಿಗಳ ಹೆಸರಿನ ಫಲಕ ಹಾಕುವುದಿಲ್ಲ. ಪ್ರಯೋಜನ ಪಡೆದ ಮಹಿಳೆಯರ ಫೋಟೊ, ಹೆಸರುಗಳನ್ನು ಎಷ್ಟೇ ಕೇಳಿದರೂ ಕೊಡುವುದಿಲ್ಲ. ಪ್ರತಿ ದೇಣಿಗೆಗೂ ರಸೀದಿ, ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆಯಾದ ಆಯವ್ಯಯ ಪಟ್ಟಿ ನಿಮ್ಮ ಕೈ ಸೇರುತ್ತದೆ.

ಇತಿ,
ಧರ್ಮದರ್ಶಿಗಳು